ಸವಾರನಿಲ್ಲದ ಹುಲಿ

ನಲವತ್ತು ಟೀಶರ್ಟು. ನಲವತ್ತರ ಬೆನ್ನ ಮೇಲೂ ಒಂದೊಂದು ಹುಲಿ. ಆ ನಲವತ್ತು ಹುಲಿಗಳ ನಡುವೆ ಕಳೆದ ವಾರ ನಾನು ಸಿಕ್ಕಿಬಿದ್ದಿದ್ದೆ.

ತಪ್ಪು ನನ್ನದೇ. ನಮ್ಮ ಅಕ್ಕನ ಮಗಳು ಪವಿತ್ರ ಕೊಳ್ಳೇಗಾಲದ ಮನೆಯ ಮಹಡಿಯಲ್ಲಿ ಕೂತು ಬೆಂಗಳೂರಿನ ಕಂಪನಿಗಳಿಗೆ ಚಿತ್ರ ಬರೆಯುತ್ತಾಳೆ. ದೊಗಲೆ ಟೀಶರ್ಟುಗಳಿಗೆ, ಮತ್ತೆ ಸ್ಕೇಟ್‌ಬೋರ್ಡಿನ ಅಡಿಭಾಗಕ್ಕೆ. (ಹೌದು, ಅಡಿಭಾಗಕ್ಕೇ! ಉಜ್ಜಿ ಅಳಿಸಿಹೋಗುವ ಜಾಗಕ್ಕೆ ಯಾಕಮ್ಮ ಇಷ್ಟು ಕಷ್ಟ ಅಂದರೆ, "ಅಳಿಸುದ್ರೆ ಚೆನ್ನಾಗಿ ಓಡ್ಸವ್ರೆ ಅಂತ ಅರ್ಥ, ಮಾವ" ಅನ್ನುತ್ತಾಳೆ.)

ನಮ್ಮೂರು ಮುಳ್ಳೂರಿನಿಂದ ಪ್ರತಿವರ್ಷ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ತಂಡಕ್ಕೆ ಈ ಸಲ ಒಂದೇ ಥರದ ಟೀಶರ್ಟು ಬೇಕಿತ್ತು. "ನಮ್ಮ ಪವಿತ್ರ ಇದಾಳಲ್ಲ!" ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇದ್ದಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ.

ಅವಳಿಗೂ ಆಸೆ. ಊರ ಕಡೆಯವರು ಅವಳ ಕೆಲಸವನ್ನು ಕಂಡೇ ಇರಲಿಲ್ಲ. "ಮನೇಲಿ ಕುಂತು ಗೊಂಬೆ ಬರೀತಾಳಂತೆ" ಅನ್ನುವಲ್ಲಿಗೆ ಅವಳ ಪರಿಚಯ ಮುಗಿಯುತ್ತಿತ್ತು. ತನ್ನ ಚಿತ್ರವನ್ನು ತನ್ನವರು ಹಾಕಿಕೊಳ್ಳಬೇಕು ಅಂತ ಎರಡು ವಾರ ಕೂತು ಬರೆದಳು.

ಹೊರಡುವ ಹಿಂದಿನ ದಿನ ಸಂಜೆ ನಾನೂ ಪವಿತ್ರಳೂ ಮುಳ್ಳೂರಿನಲ್ಲಿ ಶರ್ಟಿನ ಗಂಟು ಬಿಚ್ಚಿದೆವು. ತಂಡದ ಯಜಮಾನ ಗುರುಮಲ್ಲಪ್ಪ ತಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ಶರ್ಟು ಎತ್ತಿ ಹಿಡಿದರು. ತಿರುಗಿಸಿ ಎದೆಭಾಗ ನೋಡಿದರು. ಮತ್ತೆ ಬೆನ್ನು ನೋಡಿದರು.

"ಉಲಿ ಅದೆ. ಸ್ವಾಮಿ ಎಲ್ಲವ್ವಾ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾದಪ್ಪ ಕೂತಿದ್ದರೆ ಹುಲಿ ಅವನ ವಾಹನ, ಕೈಮುಗಿಯುತ್ತೇವೆ. ಕೂತಿಲ್ಲದಿದ್ದರೆ? ಅದು ಬರೀ ಹುಲಿ. ಹನೂರು ದಾಟಿದ ಮೇಲೆ ನಡೆಯಬೇಕಾದ್ದು ಅದರ ಕಾಡಿನಲ್ಲೇ.

"ಇದೇ ಕಣ್ಣು ಕಣ್ರಪ್ಪಾ," ಅಂತ ಹಿಂದೆ ಸರಿದರು ಕೆಂಪಮ್ಮ. ಅವರ ತವರು ಹನೂರಿನಾಚೆ, ಕಾಡಂಚಿನಲ್ಲಿ. "ನಮ್ಮಣ್ಣನ ಅಸ ಇಡ್ಕಂಡೋಯ್ತಲ್ಲ, ಅದೂ ಇಂಗೇ ನೋಡ್ತಿತ್ತು. ನಾ ಇದ್ನ ಆಕ್ಕಳಾಕಿಲ್ಲ."

ತಂಡದವರು ಒಬ್ಬೊಬ್ಬರಾಗಿ ಕೈಗೆತ್ತಿಕೊಂಡಿದ್ದ ಶರ್ಟನ್ನು ವಾಪಸ್ ಗಂಟಿನ ಮೇಲಿಟ್ಟರು. "ಬೆಂಗ್ಳೂರೋರ ಚೇಷ್ಟೆ ದೇವ್ರತ್ರ ನಡೆಯಾಕಿಲ್ಲ" ಅಂದ ಒಬ್ಬ. ನನಗೆ ರೇಗಿತು. ಅವಳೇನು ಬೆಂಗಳೂರಿನವಳೇ? ಬಾಯಿ ತೆರೆದೆ. ಪವಿತ್ರ ನನ್ನ ತೋಳು ಹಿಡಿದಳು.

"ಸ್ವಾಮೀನ ಬೇಕಂತ್ಲೇ ಬಿಟ್ಟೆ," ಅಂದಳು. "ಬೆನ್ನ ಮ್ಯಾಲೆ ಬ್ಯಾಗ್ ಆಕಂಡು ನಡೀತೀರ. ದಣಿದ್ರೆ ಅಂಗೇ ಮಲಿಕತೀರ. ಸ್ಕೇಟ್‌ಬೋರ್ಡ್ ಚಿತ್ರ ಉಜ್ಜೋದ್ರೆ ನಂಗೆ ಖುಷಿ. ಸ್ವಾಮಿ ಮುಖ ಉಜ್ಜೋದ್ರೆ? ಬರೆಯಾಕೆ ಕೈ ಬರ್ಲಿಲ್ಲ."

ಗುರುಮಲ್ಲಪ್ಪ ಎದ್ದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಪವಿತ್ರ ಶರ್ಟುಗಳನ್ನು ಮಡಿಸತೊಡಗಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಗುರುಮಲ್ಲಪ್ಪ ಹೊರಗೆ ಬಂದಾಗ ಕೈಯಲ್ಲಿ ವಿಭೂತಿ ಗಟ್ಟಿ, ಒಂದು ಬಟ್ಟಲು ನೀರು. ವಿಭೂತಿ ಕಲಸಿ, ಹುಲಿಯ ಖಾಲಿ ಬೆನ್ನಿನ ಮೇಲೆ ಮೂರು ಬೆರಳು ಎಳೆದರು. ಮೂರು ಬಿಳಿ ಗೆರೆ.

"ಈಗ ಕುಂತವ್ನೆ ಸ್ವಾಮಿ."

"ಬೆವರಿಗೆ ಅಳಿಸೋಯ್ತದಲ್ಲಾ?" ಕೆಂಪಮ್ಮ ಇನ್ನೂ ದೂರದಲ್ಲೇ ನಿಂತಿದ್ದರು.

"ಅಳಿಸುದ್ರೆ ಇನ್ನೊಂದ್ಸತಿ ಬಳದ್ರಾಯ್ತು. ಈಬೂತಿ ಎಲ್ಲಾರ ತಾವೂ ಇರ್ತದೆ."

ತನ್ನ ಚಿತ್ರದಲ್ಲಿ ಒಂದು ಚುಕ್ಕಿ ಸರಿಸಿದರೂ ಕಂಪನಿಯವರ ಜೊತೆ ಜಗಳಕ್ಕೆ ನಿಲ್ಲುವ ಹುಡುಗಿ ಇವಳು. ಆ ಗೆರೆಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ಇನ್ನೊಂದು ಶರ್ಟು ಬಿಡಿಸಿ ಅವರ ಮುಂದೆ ಹಿಡಿದಳು.

ಎಲ್ಲರಿಗಿಂತ ಕೊನೆಗೆ ಹಾಕಿಕೊಂಡವರು ಕೆಂಪಮ್ಮ. ಸೀರೆಯ ಮೇಲೆ, ಕಣ್ಣು ಮುಚ್ಚಿಕೊಂಡು.

ಪವಿತ್ರಳ ಚಿತ್ರಗಳಿಗೆ ಮೊಬೈಲಿನಲ್ಲಿ ಲೈಕ್ ಒತ್ತುವವರು ಬೇಕಾದಷ್ಟಿದ್ದಾರೆ. ಆದರೆ ಅವಳು ಬರೆದ ಹುಲಿಗೆ ನಿಜವಾಗಿ ಹೆದರಿದವರಲ್ಲಿ ಕೆಂಪಮ್ಮನೇ ಮೊದಲು. ಹೇಳಿ, ಕಲಾವಿದೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು?