ನಾನು ಆಡಿದ ಗಂಡ

ನಮ್ಮ ಮಹಿಳಾ ಸಂಘಟನೆಯ ಬೀದಿನಾಟಕದಲ್ಲಿ ಹೆಂಡತಿಗೆ ಹೊಡೆಯೋ ಗಂಡನ ಪಾತ್ರ ಯಾವಾಗಲೂ ನನ್ನದೇ. ನಾನು ತಗಡೂರು ಕಡೆಯ ದಲಿತ ಕೇರಿಯವಳು. ಆ ಗಂಡನೂ ನಮ್ಮ ಕೇರಿಯ ಮಾತನ್ನೇ ಆಡಬೇಕು. ಲುಂಗಿ ಎತ್ತಿ ಕಟ್ಟಿ, ತೂರಾಡುತ್ತಾ, "ಇಟ್ಟು ಎಲ್ಲಮ್ಮೀ?" ಅಂತ ಮುದ್ದೆ ಕೇಳುತ್ತಾ ಕಿರುಚಬೇಕು. ಹೆಂಡತಿಯನ್ನು ಕಾಪಾಡೋಕೆ ಬರೋ ಟೀಚರ್ ಮಾತ್ರ ಶುದ್ಧ ಕನ್ನಡದವಳು. ನಾಟಕ ಬರೆದವರು ಮೈಸೂರಿನ ಮೇಡಂ. "ನಮ್ಮ ಕೇರೀಲಿ ಮಾತ್ರ ಹೊಡೀತಾರಾ ಮೇಡಂ?" ಅಂತ ಕೇಳಿದ್ದಕ್ಕೆ, "ಜನಕ್ಕೆ ಸಹಜ ಅನ್ನಿಸಬೇಕಲ್ಲಮ್ಮಾ" ಅಂದರು.

ಆಯ್ತು ಅಂದೆ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಆಟದ ದಿನ, ಯಾರಿಗೂ ಹೇಳದೆ ಇಸ್ತ್ರಿ ಮಾಡಿದ ಪ್ಯಾಂಟು ಶರಟು ಹಾಕಿಕೊಂಡು ಬಂದೆ. ಥೇಟ್ ಮೇಡಂ ಥರಾನೇ ನಯವಾಗಿ, "ಕಾಫಿ ಆರಿಹೋಗಿದೆಯಲ್ಲ, ಯಾಕೆ?" ಅಂತ ಕೇಳಿ, ಹೆಂಡತಿಯ ಪಾತ್ರದವಳ ಕೆನ್ನೆಗೆ ಬಾರಿಸಿದ ಹಾಗೆ ಮಾಡಿದೆ. ಜನ ದಿನಾ ನಗುವ ಜಾಗದಲ್ಲಿ ಯಾರೂ ನಗಲಿಲ್ಲ.

ನಾಟಕ ಮುಗಿದದ್ದೇ ಮೇಡಂ ನನ್ನ ಮೇಲೆ ಸಿಡುಕಿದರು. "ಇಂಥ ಗಂಡನ್ನ ಯಾರು ನಂಬ್ತಾರಮ್ಮಾ?"

ನಾನು ಬಾಯಿ ತೆರೆಯೋ ಮೊದಲೇ, ವ್ಯಾನಿಟಿ ಬ್ಯಾಗ್ ಹಿಡಿದ, ಆಫೀಸಿಗೆ ಹೋಗೋರ ಥರ ಇದ್ದ ಹೆಂಗಸೊಬ್ಬರು ಜನರ ನಡುವಿಂದ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ನಮ್ಮ ಯಜಮಾನರನ್ನ ನೀವೆಲ್ಲಿ ನೋಡಿದ್ರಿ?"