ಅರ್ಧ ಉಳಿಸಿದ ಹೊಟ್ಟೆ

ಆಲ್ದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಅಪ್ಪ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದರು. ಕಾಫಿ ಗಿಡದ ಕಾಂಡ ಕೊರೆಯುವ ಹುಳವನ್ನು ನಮ್ಮ ಕಡೆ ಎಲ್ಲರೂ ಬೋರರ್ ಅಂತಲೇ ಕರೆಯುವುದು. ಅದು ಹೊಕ್ಕ ಕಾಂಡದ ಮೇಲೆ ಕೈಯಾಡಿಸಿದರೆ ಉಬ್ಬು ಸಿಗುತ್ತದೆ. ಸಿಕ್ಕಿತೋ, ಅಪ್ಪ ಆ ಗಿಡವನ್ನು ಬೇರುಸಮೇತ ಕೀಳಿಸಿ ಸುಡಿಸುತ್ತಿದ್ದರು. ಅರ್ಧ ಕತ್ತರಿಸಿ ನೋಡೋಣ ಎಂದ ಮೇಸ್ತ್ರಿಗೆ ಬೈಗುಳ ಕಾದಿರುತ್ತಿತ್ತು. ಈ ವಿಷಯದಲ್ಲಿ ಅವರಷ್ಟು ಹಟಮಾರಿಯನ್ನು ನಾನು ಕಂಡಿಲ್ಲ.

ಅಂಥವರಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ತಿಂಗಳುಗಟ್ಟಲೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದರು. ಊಟವೇ ಸೇರದಾದಾಗ ಮಂಗಳೂರಿಗೆ ಕರೆದೊಯ್ದೆವು. ಗಡ್ಡೆ ಜಠರದ ಕೆಳತುದಿಯಲ್ಲಿದೆ, ಕೆಳಗಿನ ಭಾಗ ತೆಗೆದರೆ ಸಾಕು ಎಂದರು ಡಾಕ್ಟರು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಅಪ್ಪನ ಮುಖ ಮಾತ್ರ ಗಂಟಾಯಿತು.

"ಅರ್ಧ ಬಿಟ್ರೆ ಮತ್ತೆ ಬರ್ತದೆ ಡಾಕ್ಟ್ರೇ. ತೆಗೆಯೋದಾದ್ರೆ ಪೂರ್ತಿ ತೆಗೀರಿ. ಇಲ್ದಿದ್ರೆ ಆಪರೇಷನ್ನೇ ಬೇಡ."

ಡಾಕ್ಟರು ಸಿಟ್ಟಾಗದೆ ಹಾಳೆಯ ಮೇಲೆ ಜಠರದ ಚಿತ್ರ ಬರೆದರು. ಅದರ ಸುತ್ತ ಸಣ್ಣ ಸಣ್ಣ ದುಗ್ಧರಸ ಗ್ರಂಥಿಗಳಿರುತ್ತವೆ. ಕ್ಯಾನ್ಸರ್ ಹೆಚ್ಚಾಗಿ ಮೊದಲು ಹಬ್ಬುವುದು ಅವುಗಳಿಗೆ. ಆದರೆ ಎಲ್ಲಕ್ಕೂ ಒಂದೇ ಸಮ ಹೋಗುವುದಿಲ್ಲ. ಗಡ್ಡೆ ಮೇಲಿದ್ದರೆ ಅನ್ನನಾಳದ ಬುಡದ, ಎಡಗಡೆ ಗುಲ್ಮದ ಪಕ್ಕದ ಗ್ರಂಥಿಗಳ ಭಯ. ಕೆಳಗಿದ್ದರೆ ಜಠರ ಕರುಳಿಗೆ ಸೇರುವಲ್ಲಿನವು, ಕೆಳ ಅಂಚಿನ ಉದ್ದಕ್ಕೂ ಇರುವವು.

"ನಿಮ್ದು ಹಬ್ಬಿದ್ರೂ ಈ ಕಡೆಗೇ ಹೆಚ್ಚು. ಆ ಗ್ರಂಥಿಗಳನ್ನೂ ಜೊತೆಗೇ ತೆಗೀತೇವೆ. ಮೇಲಿನ ಭಾಗ ಇರಲಿ, ಉಣ್ಣೋದಕ್ಕೆ ಬೇಕಲ್ಲ."

ಅಪ್ಪ ಚಿತ್ರವನ್ನೇ ನೋಡುತ್ತ ಕೂತರು. ಬೇಡವೆಂದು ಎದ್ದುಬಿಟ್ಟರೆ ಏನು ಗತಿ ಎಂದು ನಾನು ಅಳುವುದೊಂದು ಬಾಕಿ. ಅಮ್ಮ ಮೆಲ್ಲಗೆ ಕೇಳಿದಳು, "ಪೂರ್ತಿ ತೆಗೆಸ್ಕೊಂಡ್ರೆ ಕಾಫಿ ಎಲ್ಲಿಗೆ ಹೊಯ್ಕೊಳ್ತೀರಿ?"

"ಅದೂ ಹೌದು ಮಾರಾಯ್ತಿ," ಎಂದು ಅಪ್ಪ ಒಪ್ಪಿದರು.

ತೆಗೆದ ಗ್ರಂಥಿಗಳಲ್ಲಿ ಕೆಳಗಿನ ಕೆಲವಕ್ಕೆ ಮಾತ್ರ ಹಬ್ಬಿತ್ತು. ಕೀಮೋ ಮುಗಿಸಿ ಮನೆಗೆ ಬಂದ ಅಪ್ಪನಿಗೆ ಒಂದು ಲೋಟ ಕಾಫಿ ಒಮ್ಮೆಗೆ ಹಿಡಿಸುತ್ತಿರಲಿಲ್ಲ. ಅರ್ಧ ಕುಡಿದು ಉಳಿದದ್ದನ್ನು ಅಮ್ಮನ ಕಡೆ ಸರಿಸುವರು. ಕಾಫಿ ಸೀಮೆಯಲ್ಲೇ ಹುಟ್ಟಿಯೂ ಕಾಫಿ ಮುಟ್ಟದಿದ್ದ ಅಮ್ಮ, ಚೆಲ್ಲಲು ಮನಸ್ಸಾಗದೆ ಕುಡಿಯಲು ಕಲಿತಳು. ನಡುವೆ ಒಂದೇ ಲೋಟ ಇಟ್ಟುಕೊಂಡು, ಪಾರ್ಚ್‌ಮೆಂಟ್ ಕಾಫಿಬೀಜ ಒಣಗುವ ಕಣವನ್ನು ನೋಡುತ್ತ ಇಬ್ಬರೂ ಕೂತಿರುತ್ತಿದ್ದ ಆ ಬೆಳಗುಗಳು ನನಗೆ ಈಗ ಬಹಳ ನೆನಪಾಗುತ್ತವೆ.

ಹೋದ ವರ್ಷ ಅಪ್ಪ ಎದೆನೋವಿನಿಂದ ತೀರಿಕೊಂಡರು. ಉಳಿಸಿದ ಅರ್ಧ ಹೊಟ್ಟೆಗೆ ಕೊನೆಯವರೆಗೂ ಏನೂ ಆಗಲಿಲ್ಲ. ಅಮ್ಮ ಇವತ್ತಿಗೂ ಬೆಳಿಗ್ಗೆ ಲೋಟ ತುಂಬ ಕಾಫಿ ಮಾಡುತ್ತಾಳೆ, ಅರ್ಧ ಕುಡಿದು ಇಟ್ಟುಬಿಡುತ್ತಾಳೆ. ಕೇಳಿದರೆ, "ನನ್ನ ಪಾಲು ಅಷ್ಟೇ," ಎನ್ನುತ್ತಾಳೆ.