ರೈಲು ಇನ್ನೂ ಬಾರದ ಊರು

ದಾರಿ ತಪ್ಪಿಸುವ ದೆವ್ವಗಳ ಕಥೆಯನ್ನು ಧಾರವಾಡದಲ್ಲಿ ನಮ್ಮಜ್ಜಿ ಹೇಳಿದಾಗಲೆಲ್ಲ ನಾನು ನಕ್ಕವಳು. ದಾರಿ ತಪ್ಪಿದವರಿಗೆ ದಾರಿ ಗೊತ್ತಿರಲಿಲ್ಲ, ಅಷ್ಟೇ ಎಂದು ವಾದಿಸುತ್ತಿದ್ದೆ. ಭೂಗೋಳ ಓದಿದ ಜಂಬ ಬೇರೆ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನ್ನ ಗಂಡನಿಗೆ ನಾಗಪುರದಲ್ಲಿ ಕೇಂದ್ರ ಸರಕಾರದ ಕೆಲಸ. ಮನೀಶ್ ನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ನಾನು ಒಂದು ಸಣ್ಣ ಆಫೀಸಿಗೆ ಹೋಗುತ್ತಿದ್ದೆ. ಅಮೆರಿಕದ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು ಅಲ್ಲಿಯ ಕೆಲಸ. ರಸ್ತೆ, ಹೊಳೆ, ಬೇಲಿ, ಮನೆ, ಎಲ್ಲದರ ಗೆರೆಗಳನ್ನೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕುಳಿತು ದಿನವಿಡೀ ಮತ್ತೆ ಎಳೆಯಬೇಕು.

ಆ ವರ್ಷ ನನ್ನ ಪಾಲಿಗೆ ಬಂದದ್ದು ಅಮೆರಿಕದ ಬಯಲುಸೀಮೆಯ ಒಂದು ಪುಟ್ಟ ಊರು. ಮೊದಲು ಅದು ಹೊಳೆಯ ತಿರುವಿನಲ್ಲಿತ್ತು. ದೋಣಿ ನಿಲ್ಲುವ ಕಟ್ಟೆ, ಹಿಟ್ಟಿನ ಗಿರಣಿ, ಸುತ್ತಲೂ ಮೆಕ್ಕೆಜೋಳದ ಹೊಲ. ಮೊದಲ ಬೀದಿ ಹೊಳೆಯ ದಂಡೆ ಹಿಡಿದು ಓರೆಯಾಗಿ ಸಾಗಿತ್ತು. ಆಮೇಲೆ ಬಂದ ಮೋಜಣಿಯವರು ಉಳಿದ ಬೀದಿಗಳನ್ನು ದಿಕ್ಕು ನೋಡಿ ನೆಟ್ಟಗೆ, ಚೌಕ ಚೌಕವಾಗಿ ಹಾಕಿದರು. ಓರೆಯೂ ನೇರವೂ ಕೂಡುವಲ್ಲಿ ಉಳಿದ ಮುಕ್ಕೋನದ ಜಾಗದಲ್ಲಿ ಚರ್ಚು ಕಟ್ಟಿದರು. ಕೊನೆಗೆ ರೈಲು ಬಂತು, ಆದರೆ ಊರಿಗಲ್ಲ, ದೂರದ ದಿಬ್ಬಕ್ಕೆ. ಜನ ತಮ್ಮ ಮರದ ಮನೆಗಳನ್ನೇ ಬುಡಸಮೇತ ಎತ್ತಿ, ದಿಮ್ಮಿಗಳ ಮೇಲಿಟ್ಟು, ಎತ್ತು ಹೂಡಿ ಎಳೆದುಕೊಂಡು ಹೋಗಿ ಹಳಿಯ ಪಕ್ಕ ಇಳಿಸಿದರು. ಹಳೆಯ ಊರು ಕಾಗದದ ಮೇಲಷ್ಟೇ ಉಳಿಯಿತು. ಅದರ ಮೂಲೆಮೂಲೆಯೂ ನನಗೆ ಬಾಯಿಪಾಠವಾಗಿತ್ತು.

ಏಪ್ರಿಲ್ ತಿಂಗಳು. ಐದು ವರ್ಷದ ಮಗಳು ಸುಮಾ ಮಧ್ಯಾಹ್ನ ಶಾಲೆಯ ರಿಕ್ಷಾದಲ್ಲಿ ಬಂದಾಗ ಪಕ್ಕದ ಮನೆಯಾಕೆ, ನಾವು ಮಾವಶಿ ಎಂದು ಕರೆಯುತ್ತಿದ್ದವರು, ಅವಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಆ ದಿನ ಮಾವಶಿ ಮದುವೆಗೆಂದು ಊರಿಗೆ ಹೋಗಿದ್ದರು. ಅದಕ್ಕೇ ಸುಮಾ ಬರುವ ಹೊತ್ತಿಗೆ ಮನೆಯಲ್ಲಿರಬೇಕೆಂದು ನಾನು ರಜೆ ಕೇಳಿ ಬೇಗ ಹೊರಟೆ. ರೈಲ್ವೆ ಫಾಟಕ ಹಾಕಿತ್ತು. ಆಟೋ ಬಿಟ್ಟು, ಹಳಿ ದಾಟಿ, ಮುಖಕ್ಕೆ ಓಢಣಿ ಸುತ್ತಿಕೊಂಡು ನಡೆದೆ. ಮನೆಗೆ ಹತ್ತು ನಿಮಿಷದ ದಾರಿ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಎಲ್ಲರೂ ಬಾಗಿಲು ಹಾಕಿ ಕೂಲರ್ ಮುಂದೆ ಮಲಗಿದ್ದರು.

ದಿನಾ ತಿರುಗುವ ಕಡೆಯೇ ತಿರುಗಿದೆ. ನಮ್ಮ ಓಣಿ ಬರಲಿಲ್ಲ. ಬೀದಿ ಸಣ್ಣಗೆ ಓರೆಯಾಗತೊಡಗಿತು. ಮುಂದೆ ಒಂದು ಮುಕ್ಕೋನದ ಖಾಲಿ ಜಾಗ. ಮನೀಶ್ ನಗರದಲ್ಲಿ ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಆದರೂ ಎಡಕ್ಕೆ ಹೋದರೆ ಗಿರಣಿ, ಬಲಕ್ಕೆ ಹೋದರೆ ದೋಣಿಕಟ್ಟೆ ಎಂದು ನನ್ನ ಕಾಲಿಗೆ ಗೊತ್ತಿತ್ತು. ಗಾಬರಿಯಾಗಿ ಹಿಂದಕ್ಕೆ ತಿರುಗಿದೆ. ಅದೇ ಮುಕ್ಕೋನ ಎದುರಾಯಿತು. ಬೇರೆ ಬೀದಿ ಹಿಡಿದೆ. ಮತ್ತೆ ಅಲ್ಲಿಗೇ ಬಂದೆ. ಎರಡೂ ಬದಿ ಅರ್ಧ ಕಟ್ಟಿದ ಮನೆಗಳು, ಬಾಗಿಲಿಲ್ಲದ ಚೌಕಟ್ಟುಗಳು. ಬೀದಿಯ ತುದಿಯಿಂದ ಹೊಳೆಯ ಕೆಸರಿನ ವಾಸನೆಯ ಗಾಳಿ ಕೈ ಕೊರೆಯುವಷ್ಟು ತಣ್ಣಗೆ ಬರುತ್ತಿತ್ತು. ಸುಮಾ ಬೀಗ ಹಾಕಿದ ಬಾಗಿಲ ಮುಂದೆ ಬಿಸಿಲಲ್ಲಿ ನಿಂತಿರುತ್ತಾಳೆ ಎಂಬುದೊಂದೇ ತಲೆಯಲ್ಲಿ. ಕೂಗಿದೆ. ಯಾವ ಬಾಗಿಲೂ ತೆರೆಯಲಿಲ್ಲ.

ಒಂದು ಗೋಡೆಯ ನೆರಳಲ್ಲಿ ಒಬ್ಬ ಮುದುಕ ಕುಳಿತಿದ್ದ. ಓಡಿಹೋಗಿ, ಫಾಟಕ ಯಾವ ಕಡೆ ಎಂದು ಕೇಳಿದೆ: "ಬಾಬಾ, ಫಾಟಕ್ ಕಿಧರ್ ಹೈ?"

ಅವನು ತಲೆ ಎತ್ತಲಿಲ್ಲ. "ಫಾಟಕ್? ರೇಲ್ ಇಧರ್ ಕಹಾಂ ಆಯೀ ಬಾಯೀ, ಅಭೀ?"

ರೈಲು ಇಲ್ಲಿಗೆ ಇನ್ನೂ ಬಂದೇ ಇಲ್ಲವಂತೆ! ನಾನು ಈಗಷ್ಟೇ ಹಳಿ ದಾಟಿ ಬಂದವಳು. ಅವನೇ ಮುಂದುವರಿಸಿದ: "ಆನೇವಾಲೀ ಹೈ, ಬೋಲ್ತೇ. ಆಯೀ ತೋ ಘರ್ ಉಠಾಕೇ ಉಧರ್ ಲೇ ಜಾಯೇಂಗೇ." ಬಂದರೆ ಮನೆಗಳನ್ನೆತ್ತಿ ಅತ್ತ ಒಯ್ಯುತ್ತೇವೆ ಎಂದ. ಮಳೆ ಬಂದರೆ ಬಿತ್ತುತ್ತೇವೆ ಎನ್ನುವಷ್ಟು ಸಹಜವಾಗಿ.

ಅಲ್ಲಿ ನಿಲ್ಲಲಾಗಲಿಲ್ಲ. ಬೀದಿಗಳನ್ನು ನಂಬಿದರೆ ಇಲ್ಲಿಂದ ಬಿಡುಗಡೆಯಿಲ್ಲ ಅನ್ನಿಸಿತು. ಬೀದಿ ಬಿಟ್ಟು ಪ್ಲಾಟುಗಳೊಳಗೆ ನುಗ್ಗಿದೆ. ಮುಳ್ಳುತಂತಿಗೆ ಓಢಣಿ ಸಿಕ್ಕಿಕೊಂಡಿತು, ಅಲ್ಲೇ ಬಿಟ್ಟೆ. ಮೊಣಕೈ ತರಚಿತು. ಇಟ್ಟಿಗೆ ರಾಶಿ ಹತ್ತಿ ಆಚೆ ಜಿಗಿದಾಗ ಎದುರಿಗೆ ನಮ್ಮ ಓಣಿಯ ನೀರಿನ ಟಾಕಿ.

ಸುಮಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಮುಖ ಕೆಂಪಗೆ, ನೀರಿನ ಬಾಟಲಿ ಖಾಲಿ. ಅವಳು ಬಂದು ಎರಡು ತಾಸಿಗೂ ಮೇಲಾಗಿತ್ತು. ಎತ್ತಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿ, ನೆಲದ ಮೇಲೆ ಕುಳಿತು ಅತ್ತೆ.

ಸಂಜೆ ಗಂಡ ಎಲ್ಲ ಕೇಳಿದರು. "ಬಿಸಿಲು ತಲಿಗೇರೇತಿ ನಿನಗ. ದಿನಾ ಅದೇ ನಕಾಶಿ ನೋಡಿ ನೋಡಿ ಹಂಗಾಗೇತಿ. ಲಿಂಬಿ ಶರಬತ್ ಕುಡಿದು ಮಲಕ್ಕೋ" ಎಂದರು. ಮರುದಿನ ಇಬ್ಬರೂ ಆ ಕಡೆಯ ಓಣಿಗಳನ್ನೆಲ್ಲ ಸುತ್ತಿದೆವು. ಎಲ್ಲವೂ ನೆಟ್ಟಗಿದ್ದವು, ಎಲ್ಲವೂ ದೊಡ್ಡ ರಸ್ತೆಗೇ ಸೇರುತ್ತಿದ್ದವು. ಮುಕ್ಕೋನವಿಲ್ಲ, ಮುದುಕನಿಲ್ಲ. ಓಢಣಿಯೂ ಸಿಗಲಿಲ್ಲ. ನಾನು ಆ ನಕ್ಷೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ.

ಬಿಸಿಲಿನ ಭ್ರಮೆ ಎಂದೇ ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಕಳೆದ ವರ್ಷ ಸುಮಾಳನ್ನು, "ಅವತ್ತು ಬಿಸಿಲಾಗ ಕಾಯ್ದದ್ದು ನೆನಪೈತೇನು?" ಎಂದು ಕೇಳಿದೆ.

"ಕಾಯ್ದದ್ದು ನೆನಪಿಲ್ಲ ಅಮ್ಮಾ" ಎಂದಳು. "ನೀ ನನ್ನ ಎತ್ಕೊಂಡಿದ್ದು ನೆನಪೈತಿ. ಅಷ್ಟು ಬಿಸಿಲಿತ್ತು, ಆದ್ರೂ ನಿನ್ನ ಕೈ ಎಕ್ದಮ್ ಐಸ್ ಆಗಿದ್ವು. ನಂಗ ಅದಕ್ಕ ಅಂಜಿಕಿ ಬಂದಿತ್ತು."